ಖಾತೆಗೆ ಬಂದ ಕೀರ್ತಿ

ಚಿತ್ರಗುಪ್ತನ ಕಡತದಲ್ಲಿ ತಪ್ಪು ಬೀಳುವುದುಂಟೆ? ಉಂಟೆಂದೇ ನಮ್ಮ ಅಜ್ಜಿಯರ ಮತ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದು, ಯಮದೂತರು ಕರೆದೊಯ್ಯಬೇಕಾದವನನ್ನು ಬಿಟ್ಟು ಇನ್ನೊಬ್ಬನನ್ನು ಎಳೆದೊಯ್ದರೆಂದೂ, ಅಲ್ಲಿ ಕಡತ ತೆರೆದಾಗ ತಪ್ಪು ತಿಳಿದು ಆತನನ್ನು ಹಿಂದಕ್ಕೆ ಅಟ್ಟಿದರೆಂದೂ, ಅಷ್ಟರಲ್ಲಿ ಇಲ್ಲಿ ಮನೆಯವರು ಚಟ್ಟವನ್ನು ಕಟ್ಟಿ ಮುಗಿಸಿದ್ದರೆಂದೂ ಅವರು ಕಥೆ ಹೇಳುತ್ತಿದ್ದರು. ದೂತರ ಪೆದ್ದತನವನ್ನು ಕೇಳಿ ನಾವು ಮಕ್ಕಳು ನಗುತ್ತಿದ್ದೆವು. ಆದರೆ ಒಂದು ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಲಿಲ್ಲ. ತಪ್ಪು ಆಯುಸ್ಸಿನ ಲೆಕ್ಕದಲ್ಲಿ ಆಗದೆ ಪುಣ್ಯದ ಲೆಕ್ಕದಲ್ಲಿ ಆಗಿದ್ದರೆ ಏನಾಗುತ್ತಿತ್ತು? ಪರರ ಪುಣ್ಯ ತನ್ನ ಹೆಸರಿನ ಕೆಳಗೆ ಬರೆದಿರುವುದನ್ನು ಕಂಡ ಮನುಷ್ಯನು "ಸ್ವಾಮಿ, ಇದು ನನ್ನದಲ್ಲ" ಎಂದು ಬಾಯಿ ಬಿಡುತ್ತಿದ್ದನೆ?

ಈ ಪ್ರಶ್ನೆ ನನ್ನೆದುರಿಗೆ ಬಂದು ನಿಂತದ್ದು ಕಳೆದ ಮಳೆಗಾಲದಲ್ಲಿ, ಹೊಸ ತಿಪ್ಪಸಂದ್ರದಲ್ಲಿರುವ ನನ್ನ ತಂಗಿಯ ಮನೆಯಲ್ಲಿ. ಆಕೆಯ ಮಗಳು ಸಸ್ಯಶಾಸ್ತ್ರದ ಅಧ್ಯಾಪಿಕೆ. ಹನ್ನೊಂದು ವರ್ಷದಿಂದ ನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ. ಬಿಡುವು ದೊರೆತಾಗ ಕಗ್ಗದಾಸಪುರದ ಕೆರೆ ಮೊದಲಾದ ಪೂರ್ವಭಾಗದ ಕೆರೆಗಳ ಅಂಚಿನಲ್ಲಿ ಬೆಳೆಯುವ ಜೊಂಡು, ಅಂತರಗಂಗೆ ಮುಂತಾದ ಗಿಡಗಳನ್ನು ಗುರುತಿಸಿ ಪಟ್ಟಿಮಾಡುತ್ತಾಳೆ. ಅಂದು ಸಂಜೆ ಅವಳು ಕಂಪ್ಯೂಟರನ್ನು ಮುಂದಿಟ್ಟುಕೊಂಡು ಕೆನ್ನೆಗೆ ಕೈಕೊಟ್ಟು ಕುಳಿತಿದ್ದಳು. ಏನೆಂದು ಕೇಳಿದೆ. "ಮಾವ, ನಾನು ಬರೆದದ್ದು ಐದು ಲೇಖನ. ಇಲ್ಲಿ ಹನ್ನೆರಡು ಎಂದು ತೋರಿಸುತ್ತಿದೆ" ಎಂದಳು.

ಸಂಗತಿಯನ್ನು ತಿಳಿಯದ ವಾಚಕರಿಗಾಗಿ ಸ್ವಲ್ಪ ವಿವರಿಸಬೇಕು. ವಿಶ್ವವಿದ್ಯಾನಿಲಯಗಳೂ ಕಾಲೇಜುಗಳೂ ತಮ್ಮಲ್ಲಿರುವ ಒಬ್ಬೊಬ್ಬ ವಿದ್ವಾಂಸರಿಗೂ ಒಂದೊಂದು ಪುಟವನ್ನು ಅಂತರ್ಜಾಲದಲ್ಲಿ ತೆರೆದಿಡುತ್ತವೆ. ಅವರ ಹೆಸರು, ವ್ಯಾಸಂಗ, ಪ್ರಕಟಿಸಿದ ಲೇಖನಗಳು, ಆ ಲೇಖನಗಳನ್ನು ಪರರು ಎಷ್ಟು ಸಲ ಉಲ್ಲೇಖಿಸಿದರೆಂಬ ಲೆಕ್ಕ ಎಲ್ಲವೂ ಅಲ್ಲಿ ಕಾಣಬರುತ್ತದೆ. ಗಾಂಧೀನಗರದ (ನಮ್ಮ ಮೆಜೆಸ್ಟಿಕ್ಕಿನ ಬಳಿಯದಲ್ಲ, ಗುಜರಾತಿನದು) ಇನ್‌ಫ್ಲಿಬ್‌ನೆಟ್ ಕೇಂದ್ರವು ವಿದ್ವಾನ್ ಎಂಬ ಸೂಚಿಯನ್ನೂ ಐರಿನ್ಸ್ ಎಂಬ ವ್ಯವಸ್ಥೆಯನ್ನೂ ಈ ಉದ್ದೇಶಕ್ಕಾಗಿಯೇ ನಡೆಸುತ್ತಿದೆ. ಲೇಖನಗಳ ಪಟ್ಟಿಯನ್ನು ಎಲ್ಲ ವೇಳೆಯಲ್ಲಿಯೂ ವಿದ್ವಾಂಸರೇ ಕುಳಿತು ತುಂಬಬೇಕಾಗಿಲ್ಲ. ಸ್ಕೋಪಸ್, ಕ್ರಾಸ್‌ರೆಫ್ ಮೊದಲಾದ ಜಗದ್ವ್ಯಾಪಿಯಾದ ಭಂಡಾರಗಳಿಂದ ಯಂತ್ರವೇ ಹೆಸರನ್ನು ಹೊಂದಿಸಿ ತಂದು ಸೇರಿಸಬಲ್ಲದು. "ಇದು ನನ್ನದು", "ಇದು ನನ್ನದಲ್ಲ" ಎಂದು ಗುರುತು ಹಾಕುವುದಷ್ಟೇ ಮನುಷ್ಯನ ಪಾಲಿಗೆ ಉಳಿದ ಕೆಲಸ. ನನ್ನ ಸೊಸೆಯ ಕಾಲೇಜು ಇಟ್ಟುಕೊಂಡಿದ್ದುದೂ ಅಂತಹುದೇ ಒಂದು ಏರ್ಪಾಡು. ಅವಳದೇ ಹೆಸರಿನ, ಅದೇ ಮೊದಲಕ್ಷರದ ಮತ್ತೊಬ್ಬ ವಿದುಷಿ ಬೇರೊಂದು ರಾಜ್ಯದಲ್ಲಿದ್ದಾರೆ. ಔಷಧಸಸ್ಯಗಳ ಸಾರವನ್ನು ಇಲಿಗಳ ಮೇಲೆ ಪ್ರಯೋಗಿಸುವವರು. ಅವರ ಏಳು ಲೇಖನಗಳು ಇವಳ ಪುಟಕ್ಕೆ ಬಂದು ಕುಳಿತಿದ್ದುವು. ಗಿಡ ಇಲ್ಲಿಯೂ ಉಂಟು, ಅಲ್ಲಿಯೂ ಉಂಟು. ಯಂತ್ರಕ್ಕೆ ಅಷ್ಟು ಸಾಕಾಯಿತು.

ವ್ಯವಸ್ಥೆಯನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಇಂತಹ ಪುಟಗಳಿಲ್ಲದ ಕಾಲದಲ್ಲಿ ವಿದ್ವತ್ತಿನ ಲೆಕ್ಕವನ್ನು ಇಡುತ್ತಿದ್ದವರಾರು? ದೊಡ್ಡವರ ಪರಿಚಯ, ಶಿಫಾರಸು, ಜಾತಿ, ಊರು. ಸಣ್ಣ ಊರಿನ ಕಾಲೇಜಿನಲ್ಲಿ ಕುಳಿತು ಒಳ್ಳೆಯ ಕೆಲಸ ಮಾಡಿದವನ ಹೆಸರು ಆ ಊರಿನ ಬಸ್ ನಿಲ್ದಾಣವನ್ನೂ ದಾಟುತ್ತಿರಲಿಲ್ಲ. ಹಳಬರು ಟಾಟಾ ಇನ್‌ಸ್ಟಿಟ್ಯೂಟೆಂದೇ ಕರೆಯುವ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿ ತನ್ನ ವಿಜ್ಞಾನಿಗಳ ಲೇಖನಗಳನ್ನು ಯಾರು ಬೇಕಾದರೂ ಓದುವಂತೆ ಒಂದೆಡೆ ತೆರೆದಿಟ್ಟಿತು. ಒಂದು ಸಂಸ್ಥೆ ಇಟ್ಟ ಇಂತಹ ಭಂಡಾರಗಳಲ್ಲಿ ದೇಶಕ್ಕೆ ಅದೇ ಮೊದಲನೆಯದು. ವಿಶ್ವವಿದ್ಯಾನಿಲಯಗಳ ಡಾಕ್ಟರೇಟ್ ಪ್ರಬಂಧಗಳಿಗಾಗಿ ಶೋಧಗಂಗಾ ಬಂದಿತು. ಅಲಮಾರಿನಲ್ಲಿ ಗೆದ್ದಲು ತಿನ್ನುತ್ತಿದ್ದುದನ್ನು ಇಂದು ಬೀದರಿನ ಹುಡುಗನೂ ಕಾಸರಗೋಡಿನ ಹುಡುಗಿಯೂ ಮನೆಯಲ್ಲೇ ಕುಳಿತು ಓದಬಹುದು. ಇದು ಸಾಮಾನ್ಯವಾದ ಉಪಕಾರವಲ್ಲ.

ಹೆಸರಿನ ತೊಡಕಂತೂ ಹೊಸದಲ್ಲ. ನಮ್ಮವರ ಹೆಸರಿನಲ್ಲಿ ಊರು ಮೊದಲು, ತಂದೆ ನಡುವೆ, ತಾನು ಕೊನೆಗೆ. ಪಾಶ್ಚಾತ್ಯರ ಭಂಡಾರಗಳೋ ಕೊನೆಯ ಪದವನ್ನೇ ಮನೆತನವೆಂದು ಹಿಡಿದು, ಊರನ್ನೂ ತಂದೆಯನ್ನೂ ಒಂದೆರಡು ಅಕ್ಷರಗಳಿಗೆ ಇಳಿಸಿಬಿಡುತ್ತವೆ. ಹೀಗೆ ನೂರು ಮಂಜುನಾಥರು ಒಬ್ಬ ಮಂಜುನಾಥನಾಗುತ್ತಾರೆ, ಮದುವೆಯಾಗಿ ಹೆಸರು ಬದಲಿಸಿಕೊಂಡ ಒಬ್ಬಾಕೆ ಇಬ್ಬರಾಗುತ್ತಾಳೆ. ಇದನ್ನು ನಿವಾರಿಸಲೆಂದೇ 2012ರಿಂದ ಆರ್ಕಿಡ್ ಎಂಬ ಹದಿನಾರು ಅಂಕೆಗಳ ಗುರುತುಸಂಖ್ಯೆಯನ್ನು ವಿದ್ವಾಂಸರಿಗೆ ಕೊಡುತ್ತಿದ್ದಾರೆ. ಶರಣರೂ ದಾಸರೂ ಅಂಕಿತವೆಂಬ ಉಪಾಯದಿಂದ ಇದೇ ಕಾರ್ಯವನ್ನು ಸಾಧಿಸಿದ್ದರೆಂದು ನೆನೆದರೆ ವಿನೋದವೆನಿಸುತ್ತದೆ. ಬಸವನೆಂಬ ಹೆಸರಿನವರು ನಾಡಿನಲ್ಲಿ ಎಷ್ಟೋ ಮಂದಿ. ಕೂಡಲಸಂಗಮದೇವನ ಅಂಕಿತವಾದರೋ ಒಬ್ಬರದು. ತನ್ನ ಮಾತನ್ನು ದೇವರಿಗೆ ಒಪ್ಪಿಸಿದ ಗುರುತೇ ಆ ಮಾತು ಯಾರದೆಂಬುದಕ್ಕೂ ಗುರುತಾಯಿತು. ಆದರೂ ತಪ್ಪು ತಪ್ಪಲಿಲ್ಲ. ಪರರ ಅಂಕಿತವಿಟ್ಟು ಬರೆದವರೂ ಹುಟ್ಟಿಕೊಂಡರು, ಪಾಠಶೋಧಕರಿಗೆ ಕೆಲಸವಾಯಿತು. ಕ್ರಿ. ಶ. 850ರ ಸುಮಾರಿನ ಕವಿರಾಜಮಾರ್ಗವನ್ನು ನೋಡಿರಿ. ನೃಪತುಂಗನ ಸಮ್ಮತಿಯನ್ನು ಪಡೆದುದೆಂದು ಗ್ರಂಥವೇ ಹೇಳಿಕೊಳ್ಳುತ್ತದೆ. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚು ಹಾಕಿಸಿದಂದಿನಿಂದ ಕರ್ತೃ ಅರಸನೋ ಆಸ್ಥಾನದ ಶ್ರೀವಿಜಯನೋ ಎಂಬ ಚರ್ಚೆ ನಡೆದು, ಇಂದು ಬಹುಮಂದಿ ವಿದ್ವಾಂಸರು ಶ್ರೀವಿಜಯನ ಕಡೆಗೆ ಇದ್ದಾರೆ. ಒಬ್ಬ ಬಡಕವಿಯ ಕೀರ್ತಿ ಸಾವಿರ ವರ್ಷ ದೊರೆಯ ಖಾತೆಯಲ್ಲಿ ಇದ್ದಿರಬಹುದು! ದೊರೆ ಕದ್ದನೆಂದು ನಾನು ಹೇಳಲಾರೆ. ಅವನು ಬಹುಶಃ ಸುಮ್ಮನಿದ್ದನಷ್ಟೆ.

ಸುಮ್ಮನಿರುವುದು. ನನ್ನ ಸೊಸೆಗೂ ಅದೇ ಉಪದೇಶ ದೊರೆಯಿತು. ವಿಭಾಗದ ಮುಖ್ಯಸ್ಥರಿಗೆ ತಿಳಿಸಿದಾಗ ಅವರು, "ಈಗ ಏನನ್ನೂ ಮುಟ್ಟಬೇಡಿ; ಪರಿಶೀಲನೆಯ ತಂಡದವರು ಬಂದುಹೋಗಲಿ, ಆಮೇಲೆ ನೋಡೋಣ" ಎಂದರಂತೆ. ಅವರು ದುಷ್ಟರಲ್ಲ. ವಿಭಾಗಕ್ಕೆ ಎರಡು ಹುದ್ದೆ ಬೇಕು, ಪ್ರಯೋಗಶಾಲೆಗೆ ಹಣ ಬೇಕು, ಕಾಲೇಜಿಗೆ ಒಳ್ಳೆಯ ಶ್ರೇಣಿ ಬೇಕು. ಎಲ್ಲವೂ ಮೊತ್ತದ ಮೇಲೆ ನಿಂತಿದೆ. ತಪ್ಪು ಮಾಡಿದ್ದು ಯಂತ್ರ, ಮನುಷ್ಯನಲ್ಲ. ಹೀಗೆಂದು ಅವರ ಸಮಾಧಾನ.

ಅವಳ ಮನಸ್ಸಿನಲ್ಲಿದ್ದ ವಾದ ಇದಕ್ಕಿಂತ ಬಲವಾದುದು. "ಮಾವ, ಕೆರೆಯ ಗಿಡಗಳ ವಿಷಯದಲ್ಲಿ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆದೆ. ಎರಡು ವರ್ಷದ ಶ್ರಮ. ಅದು ಈ ಲೆಕ್ಕಕ್ಕೆ ಬರಲೇ ಇಲ್ಲ. ಹನ್ನೊಂದು ವರ್ಷ ಎಷ್ಟು ಮಕ್ಕಳಿಗೆ ಸೂಕ್ಷ್ಮದರ್ಶಕವನ್ನು ಹಿಡಿಯುವುದು ಹೇಗೆಂದು ಕಲಿಸಿದೆ, ಅದೂ ಬರಲಿಲ್ಲ. ನನ್ನದಾದುದನ್ನು ಅದು ಬಿಟ್ಟಿತು, ನನ್ನದಲ್ಲದ್ದನ್ನು ಕೊಟ್ಟಿತು. ಅಲ್ಲಿಗೆ ಅಲ್ಲಿಗೆ ಸರಿಹೋಯಿತೆಂದು ಏಕೆ ಸುಮ್ಮನಿರಬಾರದು?"

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವಳ ದೂರು ನಿಜ. ಈ ಎಣಿಕೆ ಇಷ್ಟು ಪ್ರಭುತ್ವ ಪಡೆದದ್ದು ಈಚೆಗೆ. ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂಬ ಸೂಚಿಯೊಂದು ಬೇಕೆಂದು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸಲಹೆ ಮಾಡಿದಾಗ ಅವರ ಮನಸ್ಸಿನಲ್ಲಿದ್ದುದು ಓದುಗರ ಅನುಕೂಲ. ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತೆಂಬುದನ್ನು ಹಿಂಬಾಲಿಸಲು ಒಂದು ದಾರಿ. ದಾರಿತೋರುವ ಕಲ್ಲನ್ನು ತಕ್ಕಡಿಯ ಬಟ್ಟಾಗಿ ಮಾಡಿಕೊಂಡವರು ಆಮೇಲಿನವರು. 2005ರಲ್ಲಿ ಹರ್ಷ್ ಎಂಬ ಭೌತವಿಜ್ಞಾನಿ ಒಬ್ಬ ವಿದ್ವಾಂಸನ ಜೀವಮಾನದ ಕೆಲಸವನ್ನೆಲ್ಲ ಒಂದೇ ಸಂಖ್ಯೆಯಲ್ಲಿ ಹೇಳುವ ಸೂತ್ರವನ್ನು ಕೊಟ್ಟರು: ಹತ್ತು ಲೇಖನಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಆತನ ಅಂಕ ಹತ್ತು. ಹದಿನೈದು ವರ್ಷ ಕಳೆದಮೇಲೆ ಅವರೇ ಅದರ ಕೆಡುಕನ್ನು ಕುರಿತು ಪರಿತಾಪದಿಂದ ಬರೆದರು. ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳನ್ನು ನಿಗದಿಮಾಡಿತು. ಅಂಕ ಬೇಕಾದವರಿಗೆ ಲೇಖನ ಬೇಕಾಯಿತು, ಲೇಖನ ಬೇಕಾದವರಿಗಾಗಿ ಹಣ ತೆಗೆದುಕೊಂಡು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಅಣಬೆಗಳಂತೆ ಎದ್ದವು. ಅವನ್ನು ಸೋಸಲು ಆಯೋಗವು ಕೇರ್ ಎಂಬ ಪಟ್ಟಿಯನ್ನು ಮಾಡಿತು; 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟಿತು.

ಈ ಭಂಡಾರಗಳಲ್ಲಿ ಕನ್ನಡಕ್ಕಿರುವ ಸ್ಥಾನವನ್ನು ಹೇಳದಿರುವುದೇ ಲೇಸು. ಕಿಟೆಲರು 1894ರಲ್ಲಿ ಹೊರತಂದ ನಿಘಂಟು ಈ ಲೆಕ್ಕದಲ್ಲಿ ಹೆಚ್ಚೆಂದರೆ ಒಂದು ಸಾಲು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ಪಂಡಿತರು ತಲೆಮಾರುಗಟ್ಟಲೆ ದುಡಿದರು. ಕಾರ್ಡುಗಳ ಮೇಲೆ ಪದಗಳನ್ನು ಬರೆದಿಟ್ಟವರ ಪುಟದಲ್ಲಿ ಏನೆಂದು ತೋರಿಸಬೇಕು? ನಮ್ಮ ನಾಡಿನ ವಿಜ್ಞಾನ ನಮ್ಮಲ್ಲಿಯೇ ಪ್ರಕಟವಾಗಬೇಕೆಂಬ ಛಲದಿಂದ ಸಿ. ವಿ. ರಾಮನ್ನರು 1934ರಲ್ಲಿ ಇದೇ ಬೆಂಗಳೂರಿನಲ್ಲಿ ವಿಜ್ಞಾನ ಅಕಾಡೆಮಿಯನ್ನು ಕಟ್ಟಿ ಅದರ ಪತ್ರಿಕೆಯನ್ನು ಹೊರಡಿಸಿದರು. ಅವರ ಹೆಸರಿನ ಬಡಾವಣೆ ತಂಗಿಯ ಮನೆಗೆ ಕೂಗಳತೆಯಲ್ಲಿದೆ. ಅಲ್ಲಿಯ ಹುಡುಗರಿಗೆ ಇಂದು ಹೇಳಿಕೊಡುತ್ತಿರುವುದು ಹೊರದೇಶದ ಪತ್ರಿಕೆಗೆ ಹೆಚ್ಚು ತೂಕವೆಂದು.

ಆದಕಾರಣ ದೂರು ನಿಜವೆಂದು ಒಪ್ಪಿದೆ. ಆದರೆ ದೂರು ನಿಜವಾದ ಮಾತ್ರಕ್ಕೆ ಪರಿಹಾರ ನ್ಯಾಯವಾಗುವುದಿಲ್ಲವಷ್ಟೆ. ಅವಳಿಗೆ ನಾನು ಪಹಣಿಯ ದೃಷ್ಟಾಂತವನ್ನು ಹೇಳಿದೆ. "ನಿನ್ನ ಹೊಲದಲ್ಲಿ ಐದು ಗುಂಟೆಯನ್ನು ಶ್ಯಾನುಭೋಗನು ಬರೆಯದೆ ಬಿಟ್ಟನೆನ್ನು. ಅದೇ ಕೈಬರಹದಲ್ಲಿ ಪಕ್ಕದವನ ಏಳು ಗುಂಟೆ ನಿನ್ನ ಹೆಸರಿಗೆ ಬಿದ್ದಿತೆನ್ನು. ನಿನಗೆ ಬಾಕಿದಾರ ಯಾರು? ಶ್ಯಾನುಭೋಗ. ನೀನು ವಸೂಲು ಮಾಡುವುದು ಯಾರಿಂದ? ಪಕ್ಕದವನಿಂದ. ಇದು ಯಾವ ಲೆಕ್ಕ?" ಅವಳು ಸುಮ್ಮನಾದಳು. ಆಮೇಲೆ, "ನಾನು ಬೇಲಿ ಕಿತ್ತಿಲ್ಲವಲ್ಲ ಮಾವ" ಎಂದಳು.

ಅದೂ ಸರಿಯಾದ ಮಾತೇ. ಬೇಲಿ ಕೀಳದವನನ್ನು ಕಳ್ಳನೆನ್ನಲಾಗದು. ಆಗ ನಾನು ಹೀಗೆ ತೀರ್ಮಾನ ಹೇಳಿದೆ: ತಪ್ಪು ಬರಹ ಬಿದ್ದಾಗ ದೋಷವಿಲ್ಲ, ತಿಳಿದಮೇಲೆ ನಾಲ್ಕು ದಿನ ತಡಮಾಡಿದರೂ ದೊಡ್ಡ ದೋಷವಿಲ್ಲ, ಆ ಬರಹವನ್ನು ತೋರಿಸಿ ಸಾಲ ತೆಗೆದ ದಿನ ದೋಷ ಹುಟ್ಟುತ್ತದೆ. ಪರಿಶೀಲನೆಯ ತಂಡದ ಮುಂದೆ ಹನ್ನೆರಡೆಂದು ಹೇಳದಿದ್ದರೆ ಸಾಕು, ಅಲ್ಲಿಯತನಕ ಚಿಂತೆ ಬೇಡ. ವಯಸ್ಸಾದವರು ಮಾಡುವಂತೆ ಅರ್ಧ ಧರ್ಮ, ಅರ್ಧ ಸೌಕರ್ಯ ಬೆರಸಿ ಕೊಟ್ಟ ತೀರ್ಪು ಅದು. ನನಗೆ ಅದು ಬಹಳ ಚೆನ್ನಾಗಿದೆಯೆಂದೇ ತೋರಿತ್ತು.

ಎದುರುಮನೆಯ ರಾಯರು ಅಂದು ಕಾಫಿಗೆ ಬಂದಿದ್ದವರು ಇದನ್ನೆಲ್ಲ ಕೇಳುತ್ತ ಕುಳಿತಿದ್ದರು. ಸಿ. ವಿ. ರಾಮನ್ ನಗರದಲ್ಲಿ ರೇಡಾರ್ ಯಂತ್ರಗಳನ್ನು ರೂಪಿಸುವ ರಕ್ಷಣಾ ಸಂಶೋಧನಾಲಯದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಈ ಭಾಗದಲ್ಲಿ ಅಂತಹವರು ಬೀದಿಗೆ ಇಬ್ಬರು ಮೂವರು ಸಿಕ್ಕುತ್ತಾರೆ. ವಿಮಾನ ಕಾರ್ಖಾನೆ 1940ರಲ್ಲಿ ಬಂದಂದಿನಿಂದ ಊರಿನ ಈ ಮಗ್ಗುಲು ಅಂತಹ ಜನರಿಂದ ತುಂಬಿದೆ. ರಾಯರು ನಕ್ಕು, "ನನ್ನ ಪುಟವನ್ನು ಯಾರಾದರೂ ತೆರೆದರೆ ಖಾಲಿಯಮ್ಮ. ಮಾಡಿದ ಕೆಲಸವೆಲ್ಲ ಬೀಗ ಹಾಕಿದ ಕಪಾಟಿನಲ್ಲಿದೆ. ಅದೇನಾದರೂ ಪುಟಕ್ಕೆ ಬಂದಿದ್ದರೆ ನನಗೆ ಬಡ್ತಿಯಲ್ಲ, ಜೈಲಾಗುತ್ತಿತ್ತು" ಎಂದರು. ಎಣಿಕೆಗೆ ಸಿಗದೆಯೂ ಕೆಲಸ ಕೆಲಸವೇ, ಅದಕ್ಕಾಗಿ ಮನಸ್ಸನ್ನು ಕೆಡಿಸಿಕೊಳ್ಳಬೇಡವೆಂಬುದು ಅವರ ತಾತ್ಪರ್ಯ. ಕೇಳಲು ಹಿತವಾಗಿತ್ತು. ಆದರೆ ಆ ಸಮಾಧಾನ ಅವಳಿಗೆ ಹೊಂದುವುದಿಲ್ಲವೆಂದು ನನಗೆ ಅನ್ನಿಸಿತು. ರಾಯರ ಕೆಲಸವನ್ನು ಲೋಕ ಅರಿಯದಿದ್ದರೂ ಪಕ್ಕದ ಮೇಜಿನವನು ಅರಿತಿದ್ದ, ಮೇಲಧಿಕಾರಿ ಅರಿತಿದ್ದ; ಯಂತ್ರ ತಿರುಗಿತು, ಅದೇ ಸಾಕ್ಷಿ. ಕೆರೆಯಂಚಿನಲ್ಲಿ ಒಂಟಿಯಾಗಿ ನಿಂತು ಜೊಂಡಿನ ಜಾತಿಯನ್ನು ಬರೆದುಕೊಳ್ಳುವವಳಿಗೆ ಅಂತಹ ಸಾಕ್ಷಿಯಿಲ್ಲ. ಪುಟ ಅವಳಿಗೆ ಆಡಂಬರವಲ್ಲ. ಅವಳಿದ್ದಾಳೆಂದು ಹೇಳುವುದು ಅದೊಂದೇ. ಉಂಡವರು ಹಸಿವಿನ ವಿಷಯದಲ್ಲಿ ಉಪದೇಶಮಾಡುವುದು ಸುಲಭ. ಇದನ್ನು ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇದಾಗಿ ಹತ್ತು ಹನ್ನೆರಡು ದಿನಗಳ ಮೇಲೆ ಅವಳಿಂದ ದೂರವಾಣಿ ಬಂದಿತು. ಧ್ವನಿ ಕುಗ್ಗಿತ್ತು. ಬಯಲುಸೀಮೆಯ ಒಂದು ಊರಿನಿಂದ, ಹಿಂದೆಂದೂ ಕಂಡರಿಯದ ಒಬ್ಬಾತ ಅವಳಿಗೆ ಪತ್ರ ಬರೆದಿದ್ದ. ತಂದೆಗೆ ಮೂತ್ರಪಿಂಡದ ಬೇನೆ. ದೊಡ್ಡಾಸ್ಪತ್ರೆಗೆ ವಾರಕ್ಕೆ ಎರಡು ಸಲ ಕರೆದೊಯ್ಯುವ ಶಕ್ತಿ ಮುಗಿಯುತ್ತ ಬಂದಿದೆ. ಮಗನು ಹುಡುಕಿ ಹುಡುಕಿ ಅವಳ ಪುಟವನ್ನು ಕಂಡಿದ್ದಾನೆ. ನೆಗ್ಗಿಲಿನ ಸಾರವನ್ನು ತಾವು ಪರೀಕ್ಷಿಸಿ ಗುಣ ಕಂಡಿರುವಿರಿ, ಕನ್ನಡದವರೇ ಇಂತಹ ಕೆಲಸ ಮಾಡಿರುವುದು ನಮ್ಮ ಪುಣ್ಯ, ದೊಡ್ಡ ಮನಸ್ಸು ಮಾಡಿ ದಿನಕ್ಕೆ ಎಷ್ಟು ಕೊಡಬಹುದೆಂದು ತಿಳಿಸಬೇಕು ಎಂದು ಬೇಡಿಕೊಂಡಿದ್ದ. ಪತ್ರ ಬಂದು ನಾಲ್ಕು ದಿನವಾಗಿತ್ತು. ಅವಳು ನೋಡಿದ್ದು ಅಂದು.

ನನ್ನ ಪಹಣಿಯ ದೃಷ್ಟಾಂತ ಆಗಲೇ ಮುರಿದುಬಿದ್ದಿತು. ಹಿಂದಿನ ಕಾಲದ ಪಹಣಿ ತಾಲ್ಲೂಕು ಕಚೇರಿಯಲ್ಲಿ ಬಿದ್ದಿರುತ್ತಿತ್ತು. ಒಡೆಯನು ತೆಗೆದು ತೋರಿಸುವ ತನಕ ಅದು ಮಾತನಾಡುತ್ತಿರಲಿಲ್ಲ. ಈ ಪುಟವಾದರೋ ಹಗಲಿರುಳೂ ಮಾತನಾಡುತ್ತಿರುತ್ತದೆ. ಒಡತಿ ನಿದ್ರಿಸುತ್ತಿರುವಾಗಲೂ "ನನಗೆ ಮೂತ್ರಪಿಂಡದ ವಿಷಯ ಗೊತ್ತು" ಎಂದು ಲೋಕಕ್ಕೆಲ್ಲ ಸಾರುತ್ತಿತ್ತು. ಅವಳು ಸುಮ್ಮನಿದ್ದಳೆಂದು ನಾನು ತಿಳಿದಿದ್ದೆ. ಅವಳ ಹೆಸರು ಸುಮ್ಮನಿರಲಿಲ್ಲ. ಬಳಸಿದ ದಿನ ದೋಷ ಹುಟ್ಟುತ್ತದೆಂದು ತೀರ್ಪು ಕೊಟ್ಟೆನಲ್ಲ, ಬಳಸುವವರು ನಾವೇ ಆಗಬೇಕಾಗಿಲ್ಲವೆಂಬುದು ನನಗೆ ಹೊಳೆದಿರಲಿಲ್ಲ. ಸುಳ್ಳುಕೀರ್ತಿಯನ್ನು ನಾವು ಮಾನದ ವಿಷಯವೆಂದೇ ಎಣಿಸುತ್ತೇವೆ: ಇವನಿಗೆ ಸಲ್ಲಬೇಕಾದುದು ಅವನಿಗೆ ಸಂದಿತು, ಇಷ್ಟೇ ಎಂದು. ಕೀರ್ತಿಯೆಂಬುದು ಇತರರಿಗೆ ಕೊಟ್ಟ ಒಂದು ಮಾತೂ ಹೌದು. ವೈದ್ಯನೆಂಬ ಫಲಕವನ್ನು ಗಾಳಿ ಹಾರಿಸಿ ತಂದು ನಮ್ಮ ಬಾಗಿಲಿಗೆ ತಗುಲಿಸಿದರೆ, ಹಾಕಿದ್ದು ನಾವಲ್ಲ. ರೋಗಿ ಬಂದು ಬಾಗಿಲು ತಟ್ಟುವುದು ಮಾತ್ರ ನಮ್ಮದನ್ನೇ.

ಅವಳು ನನ್ನ ಸಲಹೆಯನ್ನು ಕೇಳಲು ಕರೆದಿರಲಿಲ್ಲ. ಮಾಡಿದ್ದನ್ನು ಹೇಳಲು ಕರೆದಿದ್ದಳು. ಆ ಮಗನಿಗೆ ಉತ್ತರ ಬರೆದಿದ್ದಳು: ನಾನು ಅವರಲ್ಲ, ಈ ವಿಷಯ ನನಗೆ ತಿಳಿಯದು, ಇಲಿಯ ಮೇಲೆ ಕಂಡ ಗುಣ ಮನುಷ್ಯನಿಗೆ ಹೊಂದೀತೆಂದು ಹೇಳಲಾಗದು, ವೈದ್ಯರನ್ನು ಕೇಳದೆ ಏನನ್ನೂ ಕೊಡಬೇಡಿ. ಆ ಲೇಖನಗಳನ್ನು ಬರೆದ ವಿದುಷಿಯ ವಿಳಾಸವನ್ನೂ ಹುಡುಕಿ ಕಳುಹಿಸಿದ್ದಳು. ಆಮೇಲೆ ಏಳು ಲೇಖನಗಳ ಮುಂದೆಯೂ ಒಂದೊಂದಾಗಿ "ನನ್ನದಲ್ಲ" ಎಂದು ಗುರುತು ಹಾಕಿದಳು. ಹನ್ನೆರಡು ಐದಕ್ಕೆ ಇಳಿಯಿತು. ಪರಿಶೀಲನೆಯ ತಂಡ ಬರಲು ಇನ್ನೂ ಮೂರು ವಾರವಿತ್ತು.

ಮುಖ್ಯಸ್ಥರು ಬೈಯಲಿಲ್ಲ. "ಅವಸರ ಮಾಡಿದಿರಿ" ಎಂದಷ್ಟೇ ಅಂದರಂತೆ. ವಿಭಾಗದ ಪಟ್ಟಿಯಲ್ಲಿ ಅವಳ ಹೆಸರು ಎರಡನೆಯದಾಗಿದ್ದುದು ಆರನೆಯದಾಯಿತು. ಆ ವರ್ಷ ಬರಬಹುದೆಂದಿದ್ದ ಬಡ್ತಿ ಬರಲಿಲ್ಲ. ಐದರ ಬದಲು ಹನ್ನೆರಡಿದ್ದರೆ ಬರುತ್ತಿತ್ತೇನೋ. ಬಯಲುಸೀಮೆಯ ಮಗನಿಂದ ಮರುಪತ್ರವೂ ಬರಲಿಲ್ಲ.

ಕಳೆದ ತಿಂಗಳು ಮತ್ತೆ ಅಲ್ಲಿಗೆ ಹೋಗಿದ್ದೆ. ಅವಳು ಕನ್ನಡದ ಲೇಖನವನ್ನು ತನ್ನ ಪುಟಕ್ಕೆ ತಾನೇ ಸೇರಿಸಲು ಯತ್ನಿಸುತ್ತಿದ್ದಳು. ಪ್ರತಿ ಲೇಖನಕ್ಕೂ ಒಂದು ಗುರುತುಸಂಖ್ಯೆಯನ್ನು ಕೇಳುತ್ತದೆ. ನಮ್ಮ ಕನ್ನಡ ಮಾಸಪತ್ರಿಕೆಗೆ ಆ ಸಂಖ್ಯೆಯ ಹೆಸರೇ ತಿಳಿಯದು. ಅದಿಲ್ಲದೆ ಯಂತ್ರ ಮುಂದಕ್ಕೆ ಬಿಡದು. ಅವಳು ಕಾಲೇಜಿನ ಗ್ರಂಥಪಾಲರಿಗೆ ಬರೆದು ಕೇಳಿದ್ದಳು. ನಾನು ಹೊರಡುವ ವೇಳೆಗೆ ಅವರ ಉತ್ತರ ಬಂದಿತ್ತು: ಅಚ್ಚಾದ ಪ್ರತಿಯನ್ನು ಸೋಮವಾರ ತನ್ನಿರಿ, ಕೈಯಿಂದ ಸೇರಿಸಲು ಬರುವುದೋ ನೋಡೋಣ. ತಂಗಿ ಆಗಲೇ ಕುರ್ಚಿಯ ಮೇಲೆ ಹತ್ತಿ ಅಟ್ಟದಲ್ಲಿದ್ದ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಒಂದೊಂದಾಗಿ ಇಳಿಸುತ್ತಿದ್ದಳು. ರಾಯರು ಕೆಳಗೆ ನಿಂತು ಕುರ್ಚಿಯನ್ನು ಹಿಡಿದುಕೊಂಡಿದ್ದರು.